ಅಂಚೆ ಹೊರಡುವ ಹೊತ್ತು

ವಸಂತವೆಂದರೆ ನಮಗೆ ಮೊದಲು ನೆನಪಾಗುವ ಹಕ್ಕಿ ಕೋಗಿಲೆ. ಮಾವು ಚಿಗುರಿತು, ಕೋಗಿಲೆ ಬಂತು ಎಂದು ಬರೆಯುತ್ತೇವೆ, ಹಾಡುತ್ತೇವೆ, ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಆದರೆ ಕೋಗಿಲೆ ಎಲ್ಲಿಂದಲೂ ಬರುವುದಿಲ್ಲ. ಚಳಿಗಾಲದಲ್ಲೂ ಅದು ನಮ್ಮ ಆಲ, ಅತ್ತಿ, ಬೇವಿನ ಮರಗಳಲ್ಲಿ ಹಣ್ಣು ತಿಂದುಕೊಂಡು ಬಾಯಿ ಬಿಡದೆ ಕುಳಿತಿರುತ್ತದೆ. ಸಂತಾನದ ಕಾಲ ಹತ್ತಿರ ಬಂದಾಗ ಗಂಡು ಕೂಗಲು ತೊಡಗುತ್ತದೆ; ನಮಗೆ ಅದು ಆಗ ತಾನೇ ಬಂದಿಳಿದಂತೆ ಕೇಳಿಸುತ್ತದೆ. ಇತ್ತ ಅದೇ ದಿನಗಳಲ್ಲಿ, ನಿಜವಾಗಿಯೂ ಸಾವಿರಾರು ಮೈಲಿ ದಾರಿ ಹಿಡಿಯುವ ಹಕ್ಕಿಗಳು ನಮ್ಮ ಕೆರೆಗಳಿಂದ ಸದ್ದಿಲ್ಲದೆ ಎದ್ದು ಹೋಗುತ್ತಿರುತ್ತವೆ. ಅವುಗಳ ಕಡೆ ನಮ್ಮ ಗಮನ ಹರಿಯುವುದು ಕಡಿಮೆ.

ಇಂಗ್ಲಿಷ್ ಪುಸ್ತಕಗಳನ್ನು ಓದಿ ಪಕ್ಷಿವೀಕ್ಷಣೆ ಕಲಿತವರಿಗೆ ಇನ್ನೊಂದು ಗೊಂದಲವಿದೆ. ಯುರೋಪಿನಲ್ಲಿ ವಸಂತದ ವಲಸೆಯೆಂದರೆ ಆಗಮನ. ಆಫ್ರಿಕದಿಂದ ಮೊದಲ ಕವಲುಬಾಲದ ಹಕ್ಕಿ ಬಂದ ದಿನವನ್ನು ಅಲ್ಲಿ ಹಬ್ಬದಂತೆ ಗುರುತಿಸುತ್ತಾರೆ. ನಮ್ಮಲ್ಲಿ ಲೆಕ್ಕ ತಿರುವುಮುರುವು. ಇಲ್ಲಿಗೆ ಅತಿಥಿಗಳು ಬರುವುದು ದೀಪಾವಳಿಯ ಆಸುಪಾಸಿಗೆ, ಹೊರಡುವುದು ಶಿವರಾತ್ರಿಯಿಂದ ಯುಗಾದಿಯ ನಡುವೆ. ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಓಡಿಹೋಗುತ್ತದೆ ಎನ್ನುವ ನಾವು, ಚಳಿಯ ಜೊತೆಗೆ ಇನ್ನೇನೇನು ಹೋಗುತ್ತದೆಂದು ಕೇಳಿದ್ದು ಕಡಿಮೆ.

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಇದನ್ನು ಕೇಳಿಕೊಳ್ಳಲು ತಕ್ಕ ಜಾಗ. ಇದು ಕೆಂಪೇಗೌಡರ ಮಾಗಡಿಯಲ್ಲ. ಗದಗಿನಿಂದ ಲಕ್ಷ್ಮೇಶ್ವರದ ಕಡೆಗೆ ಎರಿಭೂಮಿಯ ನಡುವೆ ಸಾಗಿದರೆ ಸಿಗುವ ಸಣ್ಣ ಊರು. ನೀರಾವರಿಗಾಗಿ ಮಳೆನೀರು ಹಿಡಿದಿಡಲು ಜನ ಕಟ್ಟಿಕೊಂಡ ಕೆರೆ. ವಿಸ್ತೀರ್ಣ ಸುಮಾರು 50 ಹೆಕ್ಟೇರ್. ಬೆಟ್ಟವಿಲ್ಲ, ಕಾಡಿಲ್ಲ, ನೋಡಲು ಅಂಥ ಸೊಬಗೂ ಇಲ್ಲ. ಆದರೆ ದಕ್ಷಿಣ ಭಾರತದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ದೊಡ್ಡ ತಾಣಗಳಲ್ಲಿ ಇದೂ ಒಂದು. ಇಲ್ಲಿ ದಾಖಲಾದ ಹಕ್ಕಿ ಜಾತಿಗಳು 166ಕ್ಕೂ ಹೆಚ್ಚು, ಅವುಗಳಲ್ಲಿ 130 ವಲಸೆಯವು. 2024ರ ಜನವರಿಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಇದಕ್ಕೂ ರಾಮ್ಸಾರ್ ಪಟ್ಟಿಯಲ್ಲಿ ಸ್ಥಾನ ದೊರೆಯಿತು.

ಫೆಬ್ರುವರಿ ಕೊನೆಯ ವಾರ ಅಲ್ಲಿಗೆ ನನ್ನನ್ನು ಕರೆದೊಯ್ದವನು ಹಳೆಯ ಗೆಳೆಯ, ಆ ಸೀಮೆಯ ನಿವೃತ್ತ ಶಾಲಾ ಮಾಸ್ತರ. ಅವನ ಚೀಲದಲ್ಲಿ ಎರಡು ವಸ್ತುಗಳು ತಪ್ಪುವುದಿಲ್ಲ: ಒಂದು ದುರ್ಬೀನು, ಇನ್ನೊಂದು ಶಾಲೆಯ ಹಾಜರಿ ಪುಸ್ತಕ. ಹೆಬ್ಬಾತುಗಳ ಹಾಜರಿಯನ್ನು ಅವನು ಅದರಲ್ಲೇ ಹಾಕುತ್ತಾನೆ. ವರ್ಷಕ್ಕೊಮ್ಮೆ, ಜನವರಿಯಲ್ಲಿ, ಏಷ್ಯಾದ ಉದ್ದಗಲಕ್ಕೂ ನೀರುಹಕ್ಕಿಗಳ ಗಣತಿ ನಡೆಯುತ್ತದೆ, 1987ರಿಂದ ನಡೆದುಬಂದಿದೆ. ಹಕ್ಕಿಗಳು ಒಂದೆಡೆ ನೆಲೆನಿಂತಿರುವ ಕಾಲವಾದ್ದರಿಂದ ಎಣಿಕೆಗೆ ಜನವರಿಯೇ ಸರಿ. ಆದರೆ ಅವು ಯಾವ ದಿನ ಹೊರಟವು, ಎಷ್ಟು ಕಂತುಗಳಲ್ಲಿ ಹೊರಟವು ಎಂಬುದು ಆ ಗಣತಿಗೆ ಸಿಗುವುದಿಲ್ಲ. “ಬರೂವಾಗ ಎಲ್ಲಾರೂ ನೋಡತಾರ, ಫೋಟೋ ತಗೀತಾರ. ಹೋಗೂದನ್ನ ಯಾರೂ ಬರಕೊಳ್ಳೂದಿಲ್ಲ” ಎಂಬುದು ಅವನ ದೂರು. ಹಾಜರಿ ಹಾಕಿದ ಮಾಸ್ತರನಿಗೆ ಗೈರುಹಾಜರಿಯ ಚಿಂತೆ ಇರುವುದು ಸಹಜ.

ಬೆಳಗಿನ ಮಬ್ಬಿನಲ್ಲಿ ಏರಿಯ ಮೇಲೆ ಹೋಗಿ ಕುಳಿತೆವು. ಮೊದಲು ಕೇಳಿಸಿದ್ದು ಸದ್ದು. ಮೂಗಿನಲ್ಲಿ ಮಾತನಾಡಿದಂಥ ಆಂಗ್ ಆಂಗ್ ಎಂಬ ಕೂಗು ನೀರಿನ ನಡುವಿನಿಂದ ಎದ್ದು, ಒಂದು ಗುಂಪಿನಿಂದ ಇನ್ನೊಂದಕ್ಕೆ ಹರಡುತ್ತಿತ್ತು. ಬೆಳಕು ಹರಿದಂತೆ ಬೂದುಬಣ್ಣದ ಮೈ, ಬಿಳಿಯ ತಲೆ, ಆ ತಲೆಯ ಹಿಂಬದಿಯಲ್ಲಿ ಯಾರೋ ಇದ್ದಿಲಿನಿಂದ ಎಳೆದಂಥ ಎರಡು ಅಡ್ಡ ಪಟ್ಟೆಗಳು ಸ್ಪಷ್ಟವಾದವು. ಎರಡು-ಮೂರು ಕಿಲೋ ತೂಗುವ ಹಕ್ಕಿ; ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಸುಮಾರು ಒಂದೂವರೆ ಮೀಟರ್. ಸೂಜಿಬಾಲದ ಬಾತುಗಳು, ಸಲಿಕೆಯಂಥ ಕೊಕ್ಕಿನ ಬಾತುಗಳು ಅವುಗಳ ನಡುವೆ ಮಕ್ಕಳಂತೆ ಕಾಣುತ್ತಿದ್ದವು. ಕೆರೆಯಂಚಿನ ಕೆಸರಿನಲ್ಲಿ ಬಾಲ ಕುಣಿಸುತ್ತಿದ್ದ ಸಿಪಿಲೆಗಳತ್ತ ಗೆಳೆಯ ಕೈ ತೋರಿಸಿದ. ನವೆಂಬರಿನಲ್ಲಿ ಮಾಸಲು ಬಣ್ಣದಲ್ಲಿ ಬಂದ ಹಳದಿ ಸಿಪಿಲೆಯ ಗಂಡುಗಳು ಈಗ ಎದೆ ಹೊಟ್ಟೆಗೆಲ್ಲ ಅರಿಸಿನ ಬಳಿದುಕೊಂಡಿದ್ದವು. ನಾವು ಅತಿಥಿಗಳನ್ನು ಹಳೆಯ ಬಟ್ಟೆಯಲ್ಲಿ ನೋಡುತ್ತೇವೆ. ಹೊಸ ಬಟ್ಟೆ ತೊಟ್ಟೊಡನೆ ಅವು ಊರಿಗೆ ಹೊರಡುತ್ತವೆ.

ಎಣಿಕೆಗೆ ಒಂದು ಕ್ರಮವಿದೆ. ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯಿತೆಂದು ಕಣ್ಣಿನಲ್ಲಿ ಅಳೆದು, ಅದೇ ಅಳತೆಯನ್ನು ಗುಂಪಿನ ಉದ್ದಕ್ಕೂ ಹೊಂದಿಸುತ್ತ ಹೋಗುವುದು. ನಮ್ಮಿಬ್ಬರ ಮೊತ್ತ ತಾಳೆ ಬೀಳಲಿಲ್ಲ. ಮಾಸ್ತರ ಎರಡರ ಸರಾಸರಿ ಬರೆದುಕೊಂಡ.

ಈ ಹಕ್ಕಿಗೂ ನಮ್ಮ ಸಾಹಿತ್ಯಕ್ಕೂ ಹಳೆಯ ನಂಟು. ಹಂಸವೆಂದೊಡನೆ ನಮಗೆ ಕಣ್ಣಿಗೆ ಬರುವುದು ಕ್ಯಾಲೆಂಡರಿನ ಉದ್ದ ಕೊರಳಿನ ಬಿಳಿ ಹಕ್ಕಿ. ಆ ಹಕ್ಕಿ ಭಾರತಕ್ಕೆ ಬರುವುದೇ ಅಪರೂಪ, ಅದೂ ವಾಯವ್ಯದ ಮೂಲೆಗೆ. ನಮ್ಮ ಪ್ರಾಚೀನರ ಹಂಸ ಬಹುಮಟ್ಟಿಗೆ ಹೆಬ್ಬಾತೇ ಎಂದು ಡಚ್ ವಿದ್ವಾಂಸ ವೋಗೆಲ್ 1962ರಲ್ಲಿ ಒಂದು ಇಡೀ ಪುಸ್ತಕವನ್ನೇ ಬರೆದು ವಾದಿಸಿದ. ಹಳೇಬೀಡು, ಸೋಮನಾಥಪುರಗಳ ಜಗತಿಯ ಮೇಲಿನ ಪಟ್ಟಿಕೆಯಲ್ಲಿ ಸಾಲಾಗಿ ನಡೆಯುವ ಹಂಸಗಳನ್ನು ನೋಡಿದವರಿಗೆ ಈ ಮಾತು ಹೊಸದೆನಿಸದು. ಬಾಲವೊಂದನ್ನು ಶಿಲ್ಪಿ ಬಳ್ಳಿಯಾಗಿ ಬಿಡಿಸಿದ್ದಾನೆ, ಉಳಿದ ದುಂಡು ಮೈ, ಗಿಡ್ಡ ಕಾಲು, ನಡೆಯ ಠೀವಿ ಎಲ್ಲ ಹೆಬ್ಬಾತಿನದೇ. ಹಳಗನ್ನಡದಲ್ಲಿ ಹಂಸಕ್ಕೆ ‘ಅಂಚೆ’ ಎಂದು ಹೆಸರು. ಕಾಗದ ಒಯ್ಯುವ ಅಂಚೆಗೂ ಇದಕ್ಕೂ ಸಂಬಂಧ ಕಲ್ಪಿಸುವವರಿದ್ದಾರೆ. ಆ ವ್ಯುತ್ಪತ್ತಿಯನ್ನು ನಾನು ಪಟ್ಟು ಹಿಡಿದು ಸಮರ್ಥಿಸಲಾರೆ. ಆದರೆ ನಳ-ದಮಯಂತಿಯರ ನಡುವೆ ಸುದ್ದಿ ಒಯ್ದ ಹಕ್ಕಿಗೆ ಆ ಹೆಸರು ಒಪ್ಪುತ್ತದೆ. ಜೊತೆಗಾರ ಜಕ್ಕವಕ್ಕಿಯ ಕಥೆಯೂ ಹೀಗೆಯೇ. ಕಾವ್ಯದಲ್ಲಿ ಇರುಳೆಲ್ಲ ಅಗಲಿ ಕೊರಗುವ ಈ ಜೋಡಿ, ಕೆರೆಯಲ್ಲಿ ಕಿತ್ತಳೆ ಮೈಯ ಬಾತಾಗಿ ಚಳಿಗಾಲ ಕಳೆದು, ಬೇಸಗೆಗೆ ಮುನ್ನ ಲಡಾಖ್, ಟಿಬೆಟ್ಟುಗಳ ದಾರಿ ಹಿಡಿಯುತ್ತದೆ.

ಹಂಸಗಳು ಮಾನಸ ಸರೋವರಕ್ಕೆ ಹೋಗುತ್ತವೆ ಎಂಬುದು ಕವಿಸಮಯ. ಕಾಳಿದಾಸನ ಮೇಘದೂತದಲ್ಲಿ ರಾಜಹಂಸಗಳು ಮೋಡದ ಜೊತೆಗೂಡಿ ಕೈಲಾಸದವರೆಗೆ ಪಯಣಿಸುತ್ತವೆ. ಹಿಮಾಲಯವನ್ನು ಅವು ದಾಟುವುದು ಕ್ರೌಂಚಪರ್ವತದ ಒಂದು ಕಂಡಿಯ ಮೂಲಕ. ಪರಶುರಾಮ ಬಾಣ ಬಿಟ್ಟು ಕೊರೆದನೆಂಬ ಆ ಕಂಡಿಗೆ ಹಂಸದ್ವಾರವೆಂದೇ ಹೆಸರು. ದಿಕ್ಕಿನ ವಿಷಯದಲ್ಲಿ ಕವಿ ಸರಿ. ಪಟ್ಟೆತಲೆ ಹೆಬ್ಬಾತು ಮೊಟ್ಟೆಯಿಡುವುದು ಟಿಬೆಟ್, ಲಡಾಖ್, ಕಿರ್ಗಿಸ್ತಾನ, ಮಂಗೋಲಿಯಗಳ ಎತ್ತರದ ಸರೋವರಗಳ ದಂಡೆಯಲ್ಲಿ. ಕಾಲದ ವಿಷಯದಲ್ಲಿ ಮಾತ್ರ ತಾಳೆ ಬೀಳುವುದಿಲ್ಲ. ಮಳೆ ಶುರುವಾಗಿ ನೀರು ಕದಡಿದಾಗ ಹಂಸ ಹೊರಡುತ್ತದೆಂದು ಕವಿಗಳು. ಆದರೆ ಮಾರ್ಚ್, ಏಪ್ರಿಲ್ ಹೊತ್ತಿಗೇ ಬಯಲುಸೀಮೆಗಳೆಲ್ಲ ಖಾಲಿ. ಮಳೆಗಾಲದಲ್ಲಿ ಅವು ಇರುವುದಿಲ್ಲ ಎಂಬುದನ್ನು ಜನ ಸರಿಯಾಗಿ ಕಂಡಿದ್ದರು. ಹೊರಟ ಗಳಿಗೆಯನ್ನು ನೋಡಿರಲಿಕ್ಕಿಲ್ಲ. ಅದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಈ ಹಕ್ಕಿಗಳು ಹೆಚ್ಚಾಗಿ ರಾತ್ರಿಯಲ್ಲೇ ಹೊರಡುತ್ತವೆ. ನಿನ್ನೆ ಸಂಜೆ ಇದ್ದ ಗುಂಪು ಇಂದು ಬೆಳಿಗ್ಗೆ ಇಲ್ಲ, ಅಷ್ಟೇ.

ಹೊರಡುವ ಹೊತ್ತು ಬಂತೆಂದು ಅವುಗಳಿಗೆ ತಿಳಿಯುವುದು ಹೇಗೆ? ಹಗಲು ಬೆಳೆಯುವುದನ್ನು ನೋಡಿ ಎಂಬುದು ವಿಜ್ಞಾನಿಗಳ ಮೊದಲ ಉತ್ತರ. ಶೀತದೇಶಗಳಿಗೆ ಅದು ಸಾಕು. ಗದಗಿನ ಅಕ್ಷಾಂಶದಲ್ಲಿ ವರ್ಷದ ಅತಿ ಗಿಡ್ಡ ಹಗಲಿಗೂ ಅತಿ ಉದ್ದ ಹಗಲಿಗೂ ಇರುವ ವ್ಯತ್ಯಾಸ ಎರಡು ಗಂಟೆಯೂ ಇಲ್ಲ. ಇಲ್ಲಿರುವ ಹಕ್ಕಿಗೆ ಆ ಸೂಚನೆ ಬಹಳ ಮೆಲುದನಿಯದು. ಜರ್ಮನಿಯ ಎಬರ್ಹಾರ್ಡ್ ಗ್ವಿನ್ನರ್ 1960ರ ದಶಕದಲ್ಲಿ ಉಲಿಯಕ್ಕಿ ಜಾತಿಯ ಪುಟ್ಟ ವಲಸೆ ಹಕ್ಕಿಗಳನ್ನು ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆ ಎಂಬ ಬದಲಾಗದ ಕೋಣೆಯಲ್ಲಿಟ್ಟು ನೋಡಿದರು. ಹೊರಗಿನ ಋತುವಿನ ಸುಳಿವೇ ಇಲ್ಲದಿದ್ದರೂ ವಲಸೆಯ ಕಾಲಕ್ಕೆ ಅವು ರಾತ್ರಿ ನಿದ್ದೆ ಬಿಟ್ಟು ಪಂಜರದಲ್ಲಿ ರೆಕ್ಕೆ ಬಡಿಯತೊಡಗಿದವು. ಅಂದರೆ ವರ್ಷದ ಗಡಿಯಾರವೊಂದು ಹಕ್ಕಿಯ ಮೈಯೊಳಗೇ ಇದೆ. ಹೊರಗಿನ ಬೆಳಕು ಅದಕ್ಕೆ ಕೀಲಿ ಕೊಟ್ಟು ಸರಿಪಡಿಸುತ್ತದೆ. ದಾರಿಯ ವಿಷಯದಲ್ಲಿ ಹೆಬ್ಬಾತುಗಳಿಗೆ ಇನ್ನೊಂದು ಅನುಕೂಲವಿದೆ. ಅವು ಕುಟುಂಬ ಸಮೇತ ಪ್ರಯಾಣ ಮಾಡುವ ಹಕ್ಕಿಗಳು. ಮರಿಗಳು ಮೊದಲ ವರ್ಷ ತಾಯಿತಂದೆಯರ ಜೊತೆಯಲ್ಲೇ ದಾರಿ ಕಲಿಯುತ್ತವೆ.

ಹೊರಡುವ ಮುನ್ನದ ವಾರಗಳಲ್ಲಿ ಹಕ್ಕಿಯ ಹಸಿವು ಹೆಚ್ಚುತ್ತದೆ. ದಾರಿಗೆ ಬೇಕಾದ ಬುತ್ತಿಯನ್ನು ಅದು ಕೊಬ್ಬಿನ ರೂಪದಲ್ಲಿ ಚರ್ಮದಡಿ ಕಟ್ಟಿಕೊಳ್ಳಬೇಕು. ಇಲ್ಲಿಯೇ ಮಾಗಡಿಯ ಕಷ್ಟ ಶುರುವಾಗುವುದು. ಹೆಬ್ಬಾತು ನೀರಿನಲ್ಲಿ ಮಲಗುತ್ತದೆ, ಹೊಲದಲ್ಲಿ ಉಣ್ಣುತ್ತದೆ. ಎಳೆಯ ಶೇಂಗಾ, ಗೋಧಿಯ ಚಿಗುರು, ಕಡಲೆ ಯಾವುದೂ ಅದಕ್ಕೆ ವರ್ಜ್ಯವಲ್ಲ. ಸುಗ್ಗಿ ಎಂಬ ಮಾತಿಗೆ ಕನ್ನಡದಲ್ಲಿ ವಸಂತ ಎಂಬ ಅರ್ಥವೂ ಇದೆ, ಕೊಯ್ಲು ಎಂಬ ಅರ್ಥವೂ ಇದೆ. ಹಕ್ಕಿಯ ವಸಂತ, ರೈತನ ಸುಗ್ಗಿ ಎರಡೂ ಒಂದೇ ಹೊಲದಲ್ಲಿ ಎದುರಾಗುತ್ತವೆ.

ಹತ್ತು ಗಂಟೆಯ ಸುಮಾರಿಗೆ ಏರಿಯ ಮೇಲೆ ನಮ್ಮ ಪಕ್ಕ ಬಂದು ಕುಳಿತ ಹಿರಿಯರೊಬ್ಬರು ಇದನ್ನೇ ಹೇಳಿದರು. ಗೆಳೆಯ ಅವರಿಗೆ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟ. ಅವರು ಚಟ್ನಿಯನ್ನು ನೋಡಿ ನಕ್ಕು, “ಮಾಸ್ತರ, ನಿಮ್ಮ ಹಕ್ಕಿನೂ ನಮ್ಮ ಶೇಂಗಾನ ತಿಂದು ಫಾರಿನ್ನಿಗೆ ಹೊಂಟಾವ ನೋಡ್ರಿ. ಬಿಲ್ಲ ಯಾರ ಕೊಡಾವ್ರು?” ಎಂದರು. “ಗೊಬ್ಬರ ಹಾಕಿ ಹೋಗ್ತಾವಲ್ರಿ ಯಜಮಾನ್ರ” ಎಂದ ಗೆಳೆಯ. “ಹಾಕ್ತಾವ, ಹಾಕ್ತಾವ. ನಾ ಇಲ್ಲ ಅಂದಿಲ್ಲ. ಆದರ ಗೊಬ್ಬರ ಹಾಕಾಕ ಬೆಳೀ ತಿನ್ನೂದು ಯಾವ ಊರಿನ ನ್ಯಾಯ?” ಹೀಗೆ ಕೇಳಿದವರೇ, ದೂರದಲ್ಲಿ ಕೆರೆಗೆ ಕಲ್ಲೆಸೆಯಲು ನಿಂತ ಹುಡುಗನನ್ನು ಗದರಿ ಓಡಿಸಿದರು. ಈ ಎರಡೂ ಒಬ್ಬನೇ ಮನುಷ್ಯನಲ್ಲಿ ಇರುವುದರಿಂದಲೇ ಮಾಗಡಿಯಂಥ ಕೆರೆಗಳಲ್ಲಿ ಹಕ್ಕಿ ಉಳಿದಿದೆ. ರಾಮ್ಸಾರ್ ಪಟ್ಟಿ, ಸಂರಕ್ಷಣಾ ಮೀಸಲು ಎಂಬ ಫಲಕ ಇವೆಲ್ಲ ಆಮೇಲೆ ಬಂದವು. ಆ ಹೊಲಗಳ ನಷ್ಟ ಮಾತ್ರ ಯಾವ ಫಲಕದಲ್ಲೂ ಕಾಣುವುದಿಲ್ಲ. ಅದನ್ನು ಅವರ ಔದಾರ್ಯದ ಲೆಕ್ಕಕ್ಕೆ ಬರೆದು ನಾವು ಸುಮ್ಮನಾಗುವುದು ಸುಲಭ.

ಮಧ್ಯಾಹ್ನ ಬಿಸಿಲೇರಿದಾಗ ಹೆಬ್ಬಾತುಗಳು ನೀರಿನಂಚಿನಲ್ಲಿ ಒಂಟಿಗಾಲಿನಲ್ಲಿ ನಿಂತು ತೂಕಡಿಸಿದವು. ನಾವೂ ಬೇವಿನ ನೆರಳು ಹಿಡಿದೆವು. ಮಾತು ದಾರಿಯ ಕಡೆ ಹೊರಳಿತು.

ಮಾಗಡಿಯಿಂದ ಮಂಗೋಲಿಯದ ಸರೋವರಗಳಿಗೆ ಗೆರೆ ಎಳೆದಂತೆ ಹೋದರೂ 4,000 ಕಿ.ಮೀ.ಗೂ ಹೆಚ್ಚು. ಹೀಗೆ ಹೋಗಿಬರುತ್ತವೆ ಎಂಬುದು ಊಹೆಯಲ್ಲ. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ನಡುವೆ ಹಿಮಾಲಯ. ಹೆಬ್ಬಾತುಗಳು ಎವರೆಸ್ಟಿನ ನೆತ್ತಿಯ ಮೇಲೆ ಹಾರುತ್ತವೆ ಎಂದು ಬಹಳ ಕಾಲ ಪುಸ್ತಕಗಳು ಹೇಳುತ್ತಿದ್ದವು. ಒಡಿಶಾದ ಚಿಲ್ಕಾ, ತಮಿಳುನಾಡಿನ ಕೂಂತಂಕುಳಂ ಹಾಗೂ ಮಂಗೋಲಿಯದಲ್ಲಿ ಹಿಡಿದ ಹಕ್ಕಿಗಳ ಬೆನ್ನಿಗೆ ಉಪಗ್ರಹ ಸಾಧನ ಕಟ್ಟಿ ನೋಡಿದಾಗ ಚಿತ್ರ ಬದಲಾಯಿತು. 2011ರಲ್ಲಿ ಪ್ರಕಟವಾದ ಅಧ್ಯಯನದಂತೆ, ವಸಂತದಲ್ಲಿ ಅವು ಹಿಮಾಲಯದ ತಪ್ಪಲಿನಿಂದ ನಾಲ್ಕರಿಂದ ಆರು ಸಾವಿರ ಮೀಟರ್ ಎತ್ತರವನ್ನು ಏಳೆಂಟು ಗಂಟೆಗಳಲ್ಲಿ ಏರುತ್ತವೆ. ಮಧ್ಯಾಹ್ನ ಕಣಿವೆಯಿಂದ ಮೇಲಕ್ಕೆ ಬೀಸುವ ಗಾಳಿಯ ಸಹಾಯವನ್ನೂ ಪಡೆಯದೆ, ರಾತ್ರಿ ಮತ್ತು ನಸುಕಿನ ತಂಪಿನಲ್ಲಿ ತಮ್ಮ ರೆಕ್ಕೆಯ ಬಲದಿಂದಲೇ ಏರುತ್ತವೆ. ತಂಪು ಗಾಳಿ ದಟ್ಟ; ರೆಕ್ಕೆಗೆ ಹಿಡಿತ ಹೆಚ್ಚು, ಅಲೆದಾಟ ಕಡಿಮೆ. ಮುಂದಿನ ಅಧ್ಯಯನಗಳಲ್ಲಿ ದಾಖಲಾದ ಅತಿ ಹೆಚ್ಚಿನ ಎತ್ತರ 7,290 ಮೀಟರ್. ಆದರೆ ಅಂಥ ಎತ್ತರ ಅಪರೂಪ. ಸಾಮಾನ್ಯವಾಗಿ ಅವು ನೆಲದ ಏರಿಳಿತವನ್ನೇ ಅನುಸರಿಸಿ, ಕಣಿವೆ ಬಂದಾಗ ಇಳಿದು, ಗುಡ್ಡ ಬಂದಾಗ ಏರಿ ಹೋಗುತ್ತವೆ. ಕಷ್ಟಪಟ್ಟು ಗಳಿಸಿದ ಎತ್ತರವನ್ನು ಬಿಟ್ಟುಕೊಡುವುದು ದಡ್ಡತನವೆನಿಸಬಹುದು. ತೆಳುಗಾಳಿಯಲ್ಲಿ ತೇಲುತ್ತ ಉಳಿಯುವ ಶ್ರಮಕ್ಕೆ ಹೋಲಿಸಿದರೆ ಇಳಿದು ಮತ್ತೆ ಏರುವುದೇ ಅಗ್ಗವೆಂದು 2015ರಲ್ಲಿ ಅವುಗಳ ಹೃದಯ ಬಡಿತದ ಲೆಕ್ಕ ಹಾಕಿದವರು ತೋರಿಸಿದರು.

ಕಣಿವೆ, ಕಂಡಿಗಳ ಮೂಲಕ! ಕಾಳಿದಾಸ ಹೊತ್ತನ್ನು ತಪ್ಪಿದ, ಬಾಗಿಲನ್ನು ತಪ್ಪಲಿಲ್ಲ. ಹಂಸಗಳಿಗೂ ಹಿಮಾಲಯ ದಾಟಲು ಒಂದು ಬಾಗಿಲು ಬೇಕೆಂದು ಅವನ ಕಾಲದವರು ತಿಳಿದದ್ದು ಹೇಗೆಂದು ಗೆಳೆಯ ಕೇಳಿದ. ಯಾತ್ರಿಕರು, ಕುರಿ ಮೇಯಿಸುವವರು, ಉಪ್ಪು ಉಣ್ಣೆಯ ವ್ಯಾಪಾರಿಗಳು ಆ ಕಂಡಿಗಳಲ್ಲಿ ಓಡಾಡುತ್ತಲೇ ಇದ್ದರು. ತಲೆಯ ಮೇಲೆ ಹೋದ ಹಕ್ಕಿಯ ಸುದ್ದಿ ಅವರಿಂದ ಬಂದಿರಬಹುದು ಎಂದು ನನ್ನ ಊಹೆ.

ಮೈಯ ರಚನೆಯೂ ಇದಕ್ಕೆ ತಕ್ಕಂತಿದೆ. ಬೇರೆ ಬಾತುಗಳಿಗಿಂತ ದೊಡ್ಡ ಶ್ವಾಸಕೋಶ, ಸ್ನಾಯುಗಳಲ್ಲಿ ದಟ್ಟವಾದ ರಕ್ತದ ಸೂಕ್ಷ್ಮ ನಾಳಗಳು. ರಕ್ತದ ಹಿಮೊಗ್ಲೋಬಿನ್ನಿನಲ್ಲಿ ಕೆಲವೇ ಅಮೈನೋ ಆಮ್ಲಗಳ ಬದಲಾವಣೆಯಿಂದ ಅದು ತೆಳುಗಾಳಿಯಿಂದಲೂ ಆಮ್ಲಜನಕವನ್ನು ಬಿಗಿಯಾಗಿ ಸೆಳೆದುಕೊಳ್ಳುತ್ತದೆ.

ಗಡಿ ದಾಟಿ ಬರುವವರ ಮೇಲೆ ಅನುಮಾನ ಮನುಷ್ಯನ ಹಳೆಯ ಚಾಳಿ. ಭಾರತದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯನ್ನು ದೊಡ್ಡ ಪ್ರಮಾಣದಲ್ಲಿ ಅಭ್ಯಾಸ ಮಾಡಲು ಕಾರಣವಾದದ್ದು ನಮ್ಮ ಶಿವಮೊಗ್ಗ ಜಿಲ್ಲೆಯ ಒಂದು ರೋಗ ಎಂಬುದು ಹೆಚ್ಚು ಜನಕ್ಕೆ ಗೊತ್ತಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಾಡಿಗೆ ಹೋದ ಜನ ಜ್ವರದಿಂದ ಮಲಗಿದರು. ಮಂಗನ ಕಾಯಿಲೆಯ ಆ ವೈರಸ್ಸು ರಷ್ಯಾದಲ್ಲಿ ವಸಂತ-ಬೇಸಗೆಯಲ್ಲಿ ಬರುವ ಮಿದುಳುಜ್ವರದ ವೈರಸ್ಸಿನ ಹತ್ತಿರದ ಸಂಬಂಧಿ ಎಂದು ಕಂಡುಬಂತು. ಹಾಗಾದರೆ ಅದನ್ನು ಉತ್ತರದಿಂದ ತಂದವರು ಯಾರು? ವಲಸೆ ಹಕ್ಕಿಗಳ ಮೈಗೆ ಅಂಟಿದ ಉಣ್ಣೆಗಳಿರಬಹುದೇ? ಈ ಪ್ರಶ್ನೆ ಹಿಡಿದು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಲ್ಲಿ ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ಯೋಜನೆ ಆರಂಭಿಸಿತು. ಮುಂದೆ ಅಮೆರಿಕದ ಸೇನೆಯ ಹಣ ಅದರಲ್ಲಿ ಸೇರಿದ್ದು ತಿಳಿದು 1970ರ ದಶಕದಲ್ಲಿ ಸಂಸತ್ತಿನ ಸಮಿತಿಯವರೆಗೂ ವಿಷಯ ಹೋಯಿತು. ಹಕ್ಕಿಗಳೇ ಮಂಗನ ಕಾಯಿಲೆ ತಂದವೆಂಬುದಕ್ಕೆ ಪುರಾವೆ ದೊರೆಯಲಿಲ್ಲ. ಆದರೆ ಆ ಅನುಮಾನದ ದೆಸೆಯಿಂದ ನಮಗೆ ಹಕ್ಕಿಗಳ ದಾರಿ ತಿಳಿಯಿತು.

ಅನುಮಾನ ಇನ್ನೂ ಪೂರ್ತಿ ಹೋಗಿಲ್ಲ. ಹಕ್ಕಿಜ್ವರದ ಸುದ್ದಿ ಬಂದಾಗಲೆಲ್ಲ ಕೆರೆಗಳ ಕಡೆ ಬೆರಳು ತೋರಿಸುತ್ತೇವೆ. ಈ ರೋಗಕ್ಕೆ ಹೆಬ್ಬಾತುಗಳೇ ತೆತ್ತ ಬೆಲೆ ಸಣ್ಣದಲ್ಲ. 2005ರ ಬೇಸಗೆಯಲ್ಲಿ ಚೀನಾದ ಕಿಂಗ್ಹಾಯ್ ಸರೋವರದಲ್ಲಿ ಸಾವಿರಾರು ಹಕ್ಕಿಗಳು ಸತ್ತವು. ಅವುಗಳಲ್ಲಿ ಬಹುಪಾಲು ಪಟ್ಟೆತಲೆ ಹೆಬ್ಬಾತುಗಳು. 2020ರ ಕೊನೆ, 2021ರ ಆರಂಭದಲ್ಲಿ ಹಿಮಾಚಲದ ಪಾಂಗ್ ಜಲಾಶಯದಲ್ಲಿ ಮತ್ತೆ ಅದೇ ಕಥೆ. ಕೆಲವೇ ಕೆರೆಗಳಲ್ಲಿ ಕಿಕ್ಕಿರಿದು ಸೇರುವ ಹಕ್ಕಿಗೆ ಒಂದು ಕೆರೆ ಕೆಟ್ಟರೆ ಸಂತತಿಯ ದೊಡ್ಡ ಪಾಲಿಗೇ ಕುತ್ತು. ಸುತ್ತಲಿನ ಕೆರೆಗಳೂ ಉಳಿದಿದ್ದರೆ ಗುಂಪು ಹಂಚಿಹೋಗಲು ಜಾಗವಿರುತ್ತದೆ. ಮಾಗಡಿಗೆ ಹೆಸರು ಬಂದಿತೆಂದು ಪಕ್ಕದ ಹೂಳು ತುಂಬಿದ ಕೆರೆಗಳನ್ನು ಮರೆತರೆ ನಡೆಯದು ಎಂದು ನಾನು ಹೇಳುವುದು ಇದಕ್ಕೇ.

ಸಂಜೆ ಐದೂವರೆಯ ಮೇಲೆ ಕೆರೆ ಎಚ್ಚರಗೊಂಡಿತು. ಕೊರಳು ನೀಳವಾದವು, ಕೂಗು ಹೆಚ್ಚಿತು. ಒಂದು ಗುಂಪು ಎದ್ದು, ನಮ್ಮ ತಲೆಯ ಮೇಲೆ ಅಂಕುಡೊಂಕಾದ ಸಾಲು ಕಟ್ಟಿ, ಹೊಲಗಳ ಕಡೆ ಹೋಯಿತು. ರೆಕ್ಕೆಯ ಸದ್ದು ಹಸಿ ಬಟ್ಟೆ ಒದರಿದಂತೆ ಕೇಳಿಸಿತು. ಇನ್ನೊಂದು ಗುಂಪು ಎದ್ದು ಮೇಲೆ ಮೇಲೆ ಸುತ್ತಿ ಮತ್ತೆ ನೀರಿಗೇ ಇಳಿಯಿತು. ಹೀಗೆ ಮೂರು ಸಲ. “ಇದ ನೋಡು, ಗಂಟು ಕಟ್ಟಿ ಹೊಸಲಿ ಮ್ಯಾಲೆ ಕುಂತಾವ” ಎಂದ ಗೆಳೆಯ. ಎರಡು ದಿನ ಬಿಟ್ಟು ಅವನು ಫೋನಿನಲ್ಲಿ ಹೇಳಿದ ಪ್ರಕಾರ, ಅರ್ಧಕ್ಕಿಂತ ಹೆಚ್ಚು ಕೆರೆ ಖಾಲಿಯಾಗಿತ್ತು. ಹೋದದ್ದನ್ನು ಕಂಡವರಿರಲಿಲ್ಲ.

ಅಲ್ಲಿಂದ ಮುಂದಿನದನ್ನು ಮಾಗಡಿಯ ಏರಿಯಿಂದ ನೋಡಲಾಗದು. ಮೇ, ಜೂನ್ ತಿಂಗಳಲ್ಲಿ ಲಡಾಖಿನ ತ್ಸೊ ಮೊರಿರಿಯಂಥ ಸರೋವರಗಳ ದಂಡೆಯಲ್ಲಿ ಹೆಣ್ಣು ಕಾವಿಗೆ ಕೂರುತ್ತದೆ. ಸುಮಾರು ನಾಲ್ಕು ವಾರಕ್ಕೆ ಮರಿ ಹೊರಬರುತ್ತದೆ. ಮರಿಗಳಿಗೆ ರೆಕ್ಕೆ ಬಲಿಯಲು ಮತ್ತೆ ಎರಡು ತಿಂಗಳ ಹತ್ತಿರ ಬೇಕು. ಆ ನಡುವೆ ದೊಡ್ಡ ಹಕ್ಕಿಗಳು ರೆಕ್ಕೆಯ ಹಾರುಗರಿಗಳನ್ನೆಲ್ಲ ಒಟ್ಟಿಗೇ ಉದುರಿಸಿ ಹೊಸದು ಬೆಳೆಸಿಕೊಳ್ಳುತ್ತವೆ. ಆಷಾಢ ಕಳೆದು ಶ್ರಾವಣ ಬರುವ ಆ ದಿನಗಳಲ್ಲಿ, ನಮ್ಮ ಕಾವ್ಯಗಳ ಹಂಸಗಳು ಮೋಡದ ಜೊತೆ ಕೈಲಾಸದ ಕಡೆ ಹಾರುತ್ತಿರುವಾಗ, ಕೈಲಾಸದ ಸೀಮೆಯ ಹೆಬ್ಬಾತುಗಳು ಒಂದು ಗೇಣೂ ಮೇಲೇಳಲಾರದೆ ಮರಿಗಳ ಹಿಂದೆ ಈಜುತ್ತಿರುತ್ತವೆ.